ಬಾವುಟ ಹಿಡಿದ ಕೈಗೆ ಸ್ಪ್ಯಾನರೂ ಬೇಕು

(ಕನ್ನಡ ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಪೂರ್ಣಪಾಠ)



ವೇದಿಕೆ ಹತ್ತಿ ಮಾತಾಡುವುದು ನನ್ನ ಕಸುಬಲ್ಲ. ವೇದಿಕೆ ಹತ್ತುವವರ ಕರಪತ್ರ, ಪೋಸ್ಟರು, ರಸೀದಿ ಪುಸ್ತಕ ಅಚ್ಚು ಹಾಕಿಕೊಡುವುದು ನನ್ನ ಕಸುಬು. ಓದಿದ್ದು ಪಿ.ಯು.ಸಿ. ಅಷ್ಟೇ. ಪಾಂಡಿತ್ಯ ನಿರೀಕ್ಷಿಸಬೇಡಿ. ಲೆಕ್ಕ ಕೇಳಿ, ಕೊಡುತ್ತೇನೆ.

'ಕರ್ನಾಟಕದ ಕೆಲಸ ಕನ್ನಡಿಗರಿಗೆ' ಎಂಬ ಸಾಲನ್ನು ಎಷ್ಟು ಸಾವಿರ ಪ್ರತಿ ಅಚ್ಚು ಹಾಕಿದ್ದೇನೋ ನನಗೇ ನೆನಪಿಲ್ಲ. ಆ ಸಾಲಿನ ಒಂದಕ್ಷರವನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಸಾಲು ಅಚ್ಚಾಗುವ ಆಫ್‌ಸೆಟ್ ಯಂತ್ರ ನಡೆಸಲು ಜನ ಬೇಕು ಎಂದು ಬೋರ್ಡು ಹಾಕಿದರೆ ಬರುವವರು ಯಾರು ಗೊತ್ತೆ? ನಮ್ಮ ಹುಡುಗರು ಬರುತ್ತಾರೆ, ಬಾರದೆ ಇಲ್ಲ. ಬಿ.ಎ., ಬಿ.ಕಾಂ. ಆದವರು. 'ಸಾರ್, ಕಂಪ್ಯೂಟರ್ ಮುಂದೆ ಕೂರುವ ಕೆಲಸ ಇದ್ದರೆ ಕೊಡಿ, ಮೆಷಿನ್ ಕೆಲಸ ಗೊತ್ತಿಲ್ಲ' ಅನ್ನುತ್ತಾರೆ. ಮೆಷಿನ್ ಕೆಲಸಕ್ಕೆ ಬರುವವನು ಶಿವಕಾಶಿ ಕಡೆಯವನು, ಇಲ್ಲವೇ ಬಿಹಾರ, ಒಡಿಶಾದವನು. ಅವನಿಗೆ ಕೆಲಸ ಬರುತ್ತದೆ. ನಮ್ಮವನಿಗೆ ಕೆಲಸದ ಹಕ್ಕಿದೆ, ಕೆಲಸ ಬರುವುದಿಲ್ಲ. ನಡುವಿನ ಈ ಹಳ್ಳ ತುಂಬುವುದು ಸರ್ಕಾರದ ಹೊಣೆ. ಸರ್ಕಾರದ ಬೆನ್ನು ಹತ್ತುವುದು ನಿಮ್ಮ ಹೊಣೆ. ಇವತ್ತು ನಾನು ಹೇಳಬೇಕೆಂದು ಬಂದದ್ದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಹೊರಗಿನಿಂದ ಬಂದ ಆ ಹುಡುಗನನ್ನು ಬೈದರೆ ಚಪ್ಪಾಳೆ ಬೀಳುತ್ತದೆ, ನನಗೆ ಗೊತ್ತು. ನಾನು ಬೈಯುವುದಿಲ್ಲ. ಅವನು ಕೆಲಸ ಕಲಿತು ಬಂದಿದ್ದಾನೆ, ಹೊಟ್ಟೆಪಾಡಿಗೆ ಬಂದಿದ್ದಾನೆ. ಆರು ತಿಂಗಳಲ್ಲಿ ನನ್ನ ಹತ್ತಿರ ಕನ್ನಡವನ್ನೂ ಕಲಿಯುತ್ತಾನೆ, ಅದನ್ನು ಮಾತ್ರ ನಾನು ಬಿಡುವುದಿಲ್ಲ. ನನ್ನ ಸಿಟ್ಟೆಲ್ಲ ಇರುವುದು ನಮ್ಮ ಹುಡುಗನಿಗೆ ಹದಿನೆಂಟು ವರ್ಷವಾದರೂ ಕೈಯಲ್ಲಿ ಒಂದು ಕಸುಬು ಕೊಡದೆ ಬೀದಿಗೆ ಬಿಟ್ಟ ವ್ಯವಸ್ಥೆಯ ಮೇಲೆ.

ಮಹಿಷಿ ವರದಿಯ ಹೆಸರು ಕೇಳದ ಕನ್ನಡ ಹೋರಾಟಗಾರ ಇಲ್ಲ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಸರೋಜಿನಿ ಮಹಿಷಿಯವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. 1986ರಲ್ಲಿ ಅಂತಿಮ ವರದಿ ಬಂತು. ಅಂದಿನಿಂದ ಅದು ಜಾರಿಯಾಗಲಿ ಎಂದು ಕೂಗುತ್ತಲೇ ಇದ್ದೇವೆ. ಕೊನೆಗೆ 2024ರ ಜುಲೈಯಲ್ಲಿ ರಾಜ್ಯದ ಸಚಿವ ಸಂಪುಟ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ನಾವು ಪಟಾಕಿ ಹೊಡೆಯುವಷ್ಟರಲ್ಲಿ ಕಂಪನಿಗಳವರು ಬೊಬ್ಬೆ ಹಾಕಿದರು. ಒಂದೆರಡು ದಿನದಲ್ಲೇ ಸರ್ಕಾರ ಅದನ್ನು ತಡೆಹಿಡಿಯಿತು. ಅವರು ಹಾಕಿದ ಬೊಬ್ಬೆ ಏನು? 'ನಮಗೆ ಬೇಕಾದ ಕುಶಲಿಗಳು ಇಲ್ಲಿ ಸಿಗುವುದಿಲ್ಲ' ಎಂಬುದೇ ತಾನೆ?

ಆ ಮಸೂದೆಯೊಳಗೆ ಒಂದು ಮಾತಿತ್ತು. ನಮ್ಮಲ್ಲಿ ಬಹಳ ಮಂದಿ ಅದನ್ನು ಓದಲೇ ಇಲ್ಲ. ಅರ್ಹ ಸ್ಥಳೀಯರು ಸಿಗದಿದ್ದರೆ ಸರ್ಕಾರದ ಸಹಕಾರದೊಂದಿಗೆ ಮೂರು ವರ್ಷದೊಳಗೆ ಅವರನ್ನು ತರಬೇತಿ ಮಾಡಿಕೊಳ್ಳಲು ಕಂಪನಿ ಕ್ರಮ ಕೈಗೊಳ್ಳಬೇಕು ಎಂಬ ಮಾತು. ನನ್ನ ಕೇಳಿದರೆ ಆ ಮಸೂದೆಯ ಪ್ರಾಣ ಇದ್ದದ್ದು ಅಲ್ಲಿ. ಶೇಕಡಾ ಎಷ್ಟು ಎಂಬ ಜಗಳದಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಪರ್ಸೆಂಟೇಜಿಗೆ ಧರಣಿ ಕೂತ ನಾವು ತರಬೇತಿಗೆ ಒಂದು ದಿನವಾದರೂ ಧರಣಿ ಕೂತಿದ್ದೇವೆಯೆ?

ಹಿಂದೆ ಈ ಊರು ಕೆಲಸ ಕಲಿತದ್ದು ಹೇಗೆ? ಬೆಂಗಳೂರಿನಲ್ಲಿ 1940ರಲ್ಲಿ ಎಚ್.ಎ.ಎಲ್., 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಹುಟ್ಟಿದವು. ಇವು ಬರೀ ವಿಮಾನ, ಫೋನು, ಲೇತು, ರೇಡಿಯೋ ಮಾಡಲಿಲ್ಲ, ಕೆಲಸಗಾರರನ್ನೂ ಮಾಡಿದವು. ಹಳ್ಳಿಯಿಂದ ಬಂದ ಹುಡುಗ ಅಪ್ರೆಂಟಿಸ್ ಆಗಿ ಒಳಗೆ ಹೋದರೆ ಫೈಲಿಂಗ್, ಟರ್ನಿಂಗ್, ವೆಲ್ಡಿಂಗ್ ಕಲಿತು ಮನುಷ್ಯನಾಗಿ ಹೊರಗೆ ಬರುತ್ತಿದ್ದ. ಇಂಥ ಕಾರ್ಖಾನೆಗಳಲ್ಲಿ ಪಳಗಿದವರೇ ಎಷ್ಟೋ ಮಂದಿ ಆಮೇಲೆ ಪೀಣ್ಯದಲ್ಲಿ, ರಾಜಾಜಿನಗರದಲ್ಲಿ ಸ್ವಂತ ವರ್ಕ್‌ಷಾಪು ಹಾಕಿದರು, ಹತ್ತಾರು ಜನಕ್ಕೆ ಅನ್ನ ಕೊಟ್ಟರು. ಅದು ಜನರ ತೆರಿಗೆ ದುಡ್ಡಿನಲ್ಲಿ ನಡೆದ ಬಹು ದೊಡ್ಡ ತಾಂತ್ರಿಕ ಶಾಲೆ. ಅದಕ್ಕೆ ಶಾಲೆ ಎಂಬ ಬೋರ್ಡು ಇರಲಿಲ್ಲ ಅಷ್ಟೇ. 2016ರಲ್ಲಿ ಎಚ್.ಎಂ.ಟಿ. ವಾಚ್ ಕಂಪನಿ ಮುಚ್ಚಲು ಕೇಂದ್ರ ತೀರ್ಮಾನಿಸಿದಾಗ ನಾವೆಲ್ಲ ವಾಚಿಗಾಗಿ ಅತ್ತೆವು. ಅದರ ಜೊತೆ ಕಸುಬು ಕಲಿಸುವ ಒಂದು ಮನೆಯೂ ಹೋಯಿತು. ಅದಕ್ಕಾಗಿ ಅತ್ತವರು ಕಡಿಮೆ.

ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ ಎನ್ನುವುದಕ್ಕೆ ಇನ್ನೂ ಒಂದು ಸಾಕ್ಷಿ ರಾಜಾಜಿನಗರದಲ್ಲೇ ಇದೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿ.ಟಿ.ಟಿ.ಸಿ. ಟೂಲ್ ಅಂಡ್ ಡೈ ಕಲಿತು ಅಲ್ಲಿಂದ ಹೊರಬಂದ ಹುಡುಗನನ್ನು ಕಂಪನಿಗಳೇ ಹುಡುಕಿಕೊಂಡು ಬರುತ್ತವೆ. ಅಲ್ಲಿ ತರಗತಿಯೂ ಇದೆ, ನಿಜವಾದ ಆರ್ಡರು ತಗೊಂಡು ನಿಜವಾದ ಮಾಲು ಮಾಡಿಕೊಡುವ ಕಾರ್ಖಾನೆಯೂ ಇದೆ. ಗುಟ್ಟು ಅದೇ. ಮಾಲು ಕೆಟ್ಟರೆ ಗಿರಾಕಿ ಬೈಯುತ್ತಾನೆ ಎಂಬ ಭಯವಿಲ್ಲದೆ ಕಲಿತ ಕೆಲಸ ಕೈಗೆ ಹತ್ತುವುದಿಲ್ಲ.

ಈಗ ನನ್ನ ಕಸುಬಿನ ವಿಷಯಕ್ಕೆ ಬರುತ್ತೇನೆ. ತಾಳ್ಮೆಯಿಂದ ಕೇಳಿ, ಏಕೆಂದರೆ 'ಮೆಷಿನ್ ಕೆಲಸ ಅಂದರೆ ಬಟನ್ ಒತ್ತುವುದು' ಎಂದುಕೊಂಡವರು ಈ ಸಭೆಯಲ್ಲೇ ಇದ್ದಾರೆ.

ಆಫ್‌ಸೆಟ್ ಮುದ್ರಣದ ತಳಹದಿ ಒಂದೇ ಮಾತು: ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ. ತೆಳು ಅಲ್ಯೂಮಿನಿಯಂ ಪ್ಲೇಟಿನ ಮೇಲೆ ಅಕ್ಷರ ಇರುವ ಕಡೆ ಎಣ್ಣೆಯ ಇಂಕು ಹಿಡಿಯುತ್ತದೆ, ಖಾಲಿ ಜಾಗದಲ್ಲಿ ನೀರು ಹಿಡಿಯುತ್ತದೆ. ಪ್ಲೇಟಿನ ಅಕ್ಷರ ರಬ್ಬರ್ ಬ್ಲ್ಯಾಂಕೆಟ್ಟಿಗೆ ಇಳಿಯುತ್ತದೆ, ಬ್ಲ್ಯಾಂಕೆಟ್ಟಿನಿಂದ ಕಾಗದಕ್ಕೆ. ಇಷ್ಟನ್ನು ಐದು ನಿಮಿಷದಲ್ಲಿ ಹೇಳಬಹುದು. ಕಲಿಯಲು ಎರಡು ವರ್ಷ ಬೇಕು. ನೀರು ಹೆಚ್ಚಾದರೆ ಬಣ್ಣ ತೊಳೆದ ಬಟ್ಟೆಯ ಹಾಗೆ ಮಂಕಾಗುತ್ತದೆ. ನೀರು ಕಡಿಮೆಯಾದರೆ ಖಾಲಿ ಜಾಗಕ್ಕೂ ಇಂಕು ಮೆತ್ತಿಕೊಳ್ಳುತ್ತದೆ. ಆ ನೀರೂ ಬರೀ ನಲ್ಲಿ ನೀರಲ್ಲ, ಸ್ವಲ್ಪ ಹುಳಿ ಇರಬೇಕು, ಪಿ.ಎಚ್. 4.5ರಿಂದ 5.5ರ ಆಸುಪಾಸು. ಮಳೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತದೆ. ಬೆಳಗ್ಗೆ ಹಾಕಿದ ಬಣ್ಣದ ಮೇಲೆ ಸಂಜೆ ಹಾಕುವ ಬಣ್ಣ ಕೂರುವುದಿಲ್ಲ. ಯಂತ್ರಕ್ಕೆ ಗೊತ್ತಿರುವುದು ನಾಲ್ಕೇ ಬಣ್ಣ: ಸಯಾನ್, ಮೆಜೆಂಟಾ, ಹಳದಿ, ಕಪ್ಪು. ನಮ್ಮ ಬಾವುಟದ ಕೆಂಪು ಅದಕ್ಕೆ ಗೊತ್ತೇ ಇಲ್ಲ! ಮೆಜೆಂಟಾ ಮೇಲೆ ಹಳದಿ ಸರಿಯಾಗಿ ಬಿದ್ದರೆ ಮಾತ್ರ ಕೆಂಪು. ಕೂದಲೆಳೆಯಷ್ಟು ಜಾರಿದರೆ ತಾಯಿ ಭುವನೇಶ್ವರಿಯ ಮುಖದಲ್ಲಿ ಎರಡು ಮೂಗು.

ಯಂತ್ರ ನಡೆಸುವವನು ಇದನ್ನೆಲ್ಲ ಕಿವಿಯಿಂದ ಕೇಳುತ್ತಾನೆ. ರೋಲರಿನ ಸದ್ದಿನಲ್ಲೇ ಇಂಕು ಎಷ್ಟಿದೆ ಎಂದು ಹೇಳುವ ಹಿರಿಯ ಕೆಲಸಗಾರರನ್ನು ನಾನು ನೋಡಿದ್ದೇನೆ. ಮೊಳೆ ಜೋಡಿಸುವ ಕಾಲದಿಂದ ಟ್ರೆಡಲ್, ಟ್ರೆಡಲ್‌ನಿಂದ ಆಫ್‌ಸೆಟ್ ಎಂದು ಒಂದೇ ಬದುಕಿನಲ್ಲಿ ಮೂರು ವಿದ್ಯೆ ಕಲಿತವರು ಅವರು. ಅವರಿಗೆಲ್ಲ ಈಗ ಅರವತ್ತು ದಾಟಿದೆ. ಒಬ್ಬೊಬ್ಬರಾಗಿ ಊರಿಗೆ ಹೋಗುತ್ತಿದ್ದಾರೆ. ಅವರ ಕೈಯಲ್ಲಿರುವ ವಿದ್ಯೆಯೂ ಅವರ ಜೊತೆ ಬಸ್ ಹತ್ತುತ್ತಿದೆ. ನಮ್ಮ ಹುಡುಗರಿಗೆ ಅದನ್ನು ಇಳಿಸಿಕೊಡುವ ವ್ಯವಸ್ಥೆ ಎಲ್ಲಿದೆ?

ಕನ್ನಡಕ್ಕೆ ಮುದ್ರಣ ಹೊಸದಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಪ್ರೆಸ್ 1841ರಲ್ಲಿ ಶುರುವಾಯಿತು. 1843ರಲ್ಲಿ ಬಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಅಚ್ಚಾಯಿತು. ಕಲ್ಲಚ್ಚಿನ ಸೂತ್ರವೂ ಅದೇ, ಎಣ್ಣೆ ಮತ್ತು ನೀರು. ಗದಗಕ್ಕೆ 'ಮುದ್ರಣ ಕಾಶಿ' ಎಂಬ ಹೆಸರೇ ಇದೆ. ಇಷ್ಟೆಲ್ಲ ಇದ್ದೂ ನವೆಂಬರ್ ಬಂತೆಂದರೆ ನಮ್ಮ ಸಂಘ-ಸಂಸ್ಥೆಗಳ, ದೇವಸ್ಥಾನಗಳ, ಅಂಗಡಿಗಳ ಕ್ಯಾಲೆಂಡರಿನ ಆರ್ಡರು ಹೋಗುವುದು ಎಲ್ಲಿಗೆ? ತಮಿಳುನಾಡಿನ ಶಿವಕಾಶಿಗೆ. ಕನ್ನಡದ ಅಂಕಿ, ಕನ್ನಡದ ತಿಥಿ-ನಕ್ಷತ್ರ, ರಾಷ್ಟ್ರಕವಿಯ ಭಾವಚಿತ್ರ ಎಲ್ಲ ಅಲ್ಲಿ ಅಚ್ಚಾಗಿ ಲಾರಿಯಲ್ಲಿ ಬರುತ್ತದೆ. ಶಿವಕಾಶಿಯವರು ನಮಗೆ ಅನ್ಯಾಯ ಮಾಡಿಲ್ಲ. ಅವರು ಊರಿಗೆ ಊರೇ ಒಂದು ಕಸುಬು ಹಿಡಿದರು. ಮನೆಮನೆಯಲ್ಲಿ ಕಲಿತರು. ಅದೇ ಊರಿನ ಪಾಲಿಟೆಕ್ನಿಕ್‌ನಲ್ಲಿ ಮುದ್ರಣ ತಂತ್ರಜ್ಞಾನವನ್ನು ಪಾಠವಾಗಿ ಕಲಿಸುತ್ತಾರೆ. ಅಪ್ಪನ ಪ್ರೆಸ್ಸು, ಮಗನ ಪಾಲಿಟೆಕ್ನಿಕ್ಕು ಒಂದೇ ಊರಿನಲ್ಲಿ! ನಮ್ಮಲ್ಲಿ ಮುದ್ರಣ ಕಲಿಸುವ ಸರ್ಕಾರಿ ಡಿಪ್ಲೊಮಾ ಸಂಸ್ಥೆ ಬೆಂಗಳೂರಿನಲ್ಲಿದೆ. ಇಂಥದ್ದೊಂದು ಇದೆ ಎಂದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಕೈ ಎತ್ತಿ ಅಂದರೆ ನಾನೇ ನಾಚಬೇಕಾದೀತು.

ಇನ್ನು ಭಾಷೆಯ ವಿಷಯ. ಇದು ನಮ್ಮ ಪತ್ರಿಕೆಯ ಮೂಲ ವಿಷಯ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದ ಹುಡುಗ ಐ.ಟಿ.ಐ.ಗೆ ಸೇರುತ್ತಾನೆ. ಮೊದಲ ದಿನವೇ ಅವನ ಮುಂದೆ ಇಂಗ್ಲಿಷ್ ಪದಗಳ ಗುಡ್ಡ. ಅವನಿಗೆ ವಿಷಯ ಕಷ್ಟವಲ್ಲ, ಪದ ಕಷ್ಟ. ನನ್ನ ಪ್ರೆಸ್ಸಿಗೆ ಬರುವ ಹುಡುಗರಲ್ಲಿ ಇದನ್ನು ಪ್ರತಿದಿನ ನೋಡುತ್ತೇನೆ. ಯಂತ್ರದ ಪರದೆಯ ಮೇಲೆ ಏನೋ ಎರರ್ ಬಂದರೆ ಕೈ ನಡುಗುತ್ತದೆ. 'ನೀರಿನ ತೊಟ್ಟಿ ಖಾಲಿಯಾಗಿದೆ ಅಂತ ಹೇಳ್ತಿದೆ ಕಣೋ' ಅಂದರೆ ಸಾಕು, ಮರುಕ್ಷಣ ಸರಿ ಮಾಡುತ್ತಾನೆ. ಬುದ್ಧಿಗೇನು ಕೊರತೆ?

ಇಂಗ್ಲಿಷ್ ಬರದಿದ್ದರೆ ತಂತ್ರಜ್ಞಾನ ಬರುವುದಿಲ್ಲ ಎನ್ನುವ ದೊಡ್ಡವರಿಗೆ ನನ್ನದೊಂದು ಸವಾಲು. ಪ್ರಪಂಚದ ಪ್ರೆಸ್ಸುಗಳಲ್ಲಿ ರಾಜನಂತಿರುವ ಹೈಡಲ್‌ಬರ್ಗ್ ಯಂತ್ರ ಎಲ್ಲಿಯದು? ಜರ್ಮನಿಯದು. ಕೊಮೊರಿ, ರಿಯೋಬಿ? ಜಪಾನಿನವು. ಅಲ್ಲಿ ಅಪ್ರೆಂಟಿಸ್ ಹುಡುಗ ಕಲಿಯುವುದು ಜರ್ಮನ್ ಭಾಷೆಯಲ್ಲಿ, ಜಪಾನಿ ಭಾಷೆಯಲ್ಲಿ. ಜರ್ಮನಿಯಲ್ಲಿ ಮುದ್ರಣ ಎಂದರೆ ಮೂರು ವರ್ಷದ ತರಬೇತಿ. ವಾರದಲ್ಲಿ ಕೆಲವು ದಿನ ಕಾರ್ಖಾನೆ, ಕೆಲವು ದಿನ ಶಾಲೆ. ಕಾರ್ಖಾನೆಯಲ್ಲಿ ಕಲಿಸುವ ಖರ್ಚು ಮತ್ತು ಹುಡುಗನ ಭತ್ಯೆ ಮಾಲೀಕನದು, ಶಾಲೆಯ ಖರ್ಚು ಸರ್ಕಾರದ್ದು. ಇದಕ್ಕೆ 1969ರಿಂದ ಒಂದು ಕಾಯ್ದೆಯೇ ಇದೆ. ತಾಯ್ನುಡಿಯಲ್ಲಿ ಕಲಿತವರು ಯಂತ್ರ ಮಾಡಿ ನಮಗೆ ಮಾರುತ್ತಾರೆ. ಇಂಗ್ಲಿಷ್ ಕಲಿತ ನಾವು ಆ ಯಂತ್ರದ ಮ್ಯಾನ್ಯುಯಲ್ ಓದುತ್ತೇವೆ.

ಹಾಗೆಂದು ಕನ್ನಡದಲ್ಲಿ ಕಲಿಸುವುದು ಎಂದರೆ ಪಂಡಿತರು ಕೂತು ಪದ ಹೊಸೆಯುವುದಲ್ಲ. ಪ್ಲೇಟಿಗೆ 'ಫಲಕ', ರೋಲರಿಗೆ 'ಉರುಳೆ', ನೀರಿಗೆ 'ತೇವಕಾರಕ ದ್ರಾವಣ' ಎಂದು ಬರೆದರೆ ಹುಡುಗ ಪುಸ್ತಕ ಮುಚ್ಚಿ ಓಡುತ್ತಾನೆ. ಅದಕ್ಕಿಂತ ಇಂಗ್ಲಿಷೇ ವಾಸಿ ಅನ್ನುತ್ತಾನೆ. ಪ್ಲೇಟು ಪ್ಲೇಟೇ ಇರಲಿ, ಲೇತು ಲೇತೇ ಇರಲಿ. ಅವೆಲ್ಲ ಕನ್ನಡವಾಗಿ ಎಷ್ಟೋ ಕಾಲವಾಯಿತು. ಮಾತು ಕನ್ನಡದ್ದಿರಲಿ, ವಾಕ್ಯ ಕನ್ನಡದ್ದಿರಲಿ, ಪರೀಕ್ಷೆಯಲ್ಲಿ ಉತ್ತರ ಬರೆಯುವ ಧೈರ್ಯ ಕನ್ನಡದ್ದಿರಲಿ. ಕೆಲಸಗಾರರ ಬಾಯಲ್ಲಿ ಆಗಲೇ ಇರುವ ಮೊಳೆ, ಅಚ್ಚು, ಹದ, ಹೊಲಿಗೆ, ಅಂಟು ಮೊದಲಾದ ಪದಗಳನ್ನು ಹೆಕ್ಕಿ ಪುಸ್ತಕಕ್ಕೆ ಹಾಕಲಿ. ಜೊತೆಗೆ ಇಂಗ್ಲಿಷ್ ಪದವನ್ನೂ ಪಕ್ಕದಲ್ಲಿ ಕಲಿಸಲಿ, ನಾಳೆ ಹುಡುಗ ಪುಣೆಗೋ ದುಬೈಗೋ ಹೋದರೆ ಬೇಕಾಗುತ್ತದೆ.

2021ರಲ್ಲಿ ಎ.ಐ.ಸಿ.ಟಿ.ಇ. ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅನುಮತಿ ಕೊಟ್ಟಿತು. ನಮ್ಮಲ್ಲೂ ಕೆಲವು ಕಾಲೇಜುಗಳು ಮುಂದೆ ಬಂದವು. ಕನ್ನಡದಲ್ಲಿ ಓದಲು ಸೇರಿದವರು ಕಡಿಮೆ. ಕೂಡಲೇ 'ನೋಡಿ, ಕನ್ನಡಿಗರಿಗೇ ಬೇಡ' ಎಂಬ ಗೇಲಿ ಶುರು. ನಾನು ಹೇಳುತ್ತೇನೆ, ಮಾಳಿಗೆಯಿಂದ ಮನೆ ಕಟ್ಟಲು ಹೊರಟರೆ ಇನ್ನೇನಾಗುತ್ತದೆ? ಬಿ.ಇ. ಮಾಡುವವನ ಕಣ್ಣು ಅಮೆರಿಕದ ಮೇಲೆ. ಕನ್ನಡದ ಅಗತ್ಯ ನಿಜವಾಗಿ ಇರುವುದು ಕೆಳಗಿನ ಮೆಟ್ಟಿಲಲ್ಲಿ, ಐ.ಟಿ.ಐ.ಯಲ್ಲಿ, ಡಿಪ್ಲೊಮಾದಲ್ಲಿ. ಅಲ್ಲಿ ಕೂತಿರುವುದು ಕನ್ನಡ ಶಾಲೆಯ ಮಕ್ಕಳು. ಅಲ್ಲಿಂದ ಶುರು ಮಾಡಬೇಕಿತ್ತು.

ಒಂದು ಅಂಕಿ ಹೇಳುತ್ತೇನೆ, ಬರೆದುಕೊಳ್ಳಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಗ್ಗೆ ನಮಗೆ ನೂರು ತಕರಾರಿರಬಹುದು, ಇರಲಿ. ಅದೇ ನೀತಿಯ ಪುಸ್ತಕ 12ನೇ ಪಂಚವಾರ್ಷಿಕ ಯೋಜನೆಯ ಅಂದಾಜನ್ನು ಎತ್ತಿ ಹೇಳಿದೆ: ಭಾರತದಲ್ಲಿ 19ರಿಂದ 24 ವರ್ಷದ ದುಡಿಯುವವರ ಪೈಕಿ ಕ್ರಮಬದ್ಧವಾಗಿ ವೃತ್ತಿ ಶಿಕ್ಷಣ ಪಡೆದವರು ನೂರಕ್ಕೆ 5ಕ್ಕಿಂತ ಕಡಿಮೆ. ಜರ್ಮನಿಯಲ್ಲಿ 75. ದಕ್ಷಿಣ ಕೊರಿಯಾದಲ್ಲಿ 96. ನಮ್ಮಲ್ಲಿ ನೂರಕ್ಕೆ ತೊಂಬತ್ತೈದು ಮಂದಿ ನೋಡಿ ಕಲಿತವರು, ಬೈಸಿಕೊಂಡು ಕಲಿತವರು, ಇಲ್ಲವೇ ಕಲಿಯದೇ ಇದ್ದವರು.

ಹಾಗಾದರೆ ದುಡ್ಡಿಲ್ಲವೆ? ಇದೆ. 2022ರ ಜೂನ್ 20ರಂದು ಬೆಂಗಳೂರಿನಲ್ಲಿ ಪ್ರಧಾನಿಯವರು ಕರ್ನಾಟಕದ 150 ಐ.ಟಿ.ಐ.ಗಳನ್ನು ತಂತ್ರಜ್ಞಾನ ಕೇಂದ್ರಗಳಾಗಿ ಮಾಡಿದ್ದನ್ನು ಉದ್ಘಾಟಿಸಿದರು. ಕಂಪನಿಗಳ ಸಹಭಾಗಿತ್ವದಲ್ಲಿ 4,700 ಕೋಟಿ ರೂಪಾಯಿಗೂ ಮೀರಿದ ಯೋಜನೆ. ರೋಬೋಟು, ಎಲೆಕ್ಟ್ರಿಕ್ ವಾಹನ, ತ್ರೀಡಿ ಪ್ರಿಂಟಿಂಗ್ ಎಲ್ಲ ಬಂದಿದೆ. ಒಳ್ಳೆಯದೇ ಆಯಿತು, ಒಳ್ಳೆಯದನ್ನು ಒಳ್ಳೆಯದೆನ್ನಲು ನನಗೇನೂ ಸಂಕಟವಿಲ್ಲ. ಆದರೆ ಪ್ರೆಸ್ಸಿನವನಾಗಿ ಒಂದು ಮಾತು: ಕೋಟಿ ರೂಪಾಯಿಯ ಯಂತ್ರ ತಂದು ನಿಲ್ಲಿಸಿ ನಡೆಸುವವನಿಲ್ಲದಿದ್ದರೆ ಅದು ಯಂತ್ರವಲ್ಲ, ಬಡ್ಡಿ ಕಟ್ಟಿಸುವ ಕಬ್ಬಿಣ. ನಿಮ್ಮ ತಾಲ್ಲೂಕಿನ ಐ.ಟಿ.ಐ.ಯಲ್ಲಿ ಆ ಯಂತ್ರ ದಿನಕ್ಕೆ ಎಷ್ಟು ಗಂಟೆ ಓಡುತ್ತಿದೆ? ಕಲಿಸುವ ಖಾಯಂ ಬೋಧಕ ಇದ್ದಾರೆಯೇ ಅಥವಾ ಹುದ್ದೆ ಖಾಲಿಯೇ? ಹೋಗಿ ನೋಡಿದವರುಂಟೆ?

ಆಮೇಲೆ 2025ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟ ದೇಶದ 1,000 ಸರ್ಕಾರಿ ಐ.ಟಿ.ಐ.ಗಳನ್ನು ಮೇಲ್ದರ್ಜೆಗೇರಿಸಲು 60,000 ಕೋಟಿಯ ಯೋಜನೆಗೆ ಒಪ್ಪಿತು. ಕೇಂದ್ರದ್ದು 30,000 ಕೋಟಿ, ರಾಜ್ಯಗಳದ್ದು 20,000 ಕೋಟಿ, ಉದ್ಯಮಗಳದ್ದು 10,000 ಕೋಟಿ. ಇದೇ ಯೋಜನೆಯಲ್ಲಿ ಬೋಧಕರಿಗೆ ತರಬೇತಿ ಕೊಡುವ ಐದು ರಾಷ್ಟ್ರೀಯ ಸಂಸ್ಥೆಗಳನ್ನು ಬಲಪಡಿಸುತ್ತಾರಂತೆ. ಯಾವ ಐದು? ಭುವನೇಶ್ವರ, ಚೆನ್ನೈ, ಹೈದರಾಬಾದ್, ಕಾನ್ಪುರ, ಲೂಧಿಯಾನ. ಎಚ್.ಎಂ.ಟಿ. ಹುಟ್ಟಿದ ಊರು, ಎಚ್.ಎ.ಎಲ್. ಹುಟ್ಟಿದ ಊರು ಬೆಂಗಳೂರು ಆ ಪಟ್ಟಿಯಲ್ಲಿಲ್ಲ! ಇದೇ ಬಗೆಯ ಕೇಂದ್ರ ಸರ್ಕಾರದ ಸಂಸ್ಥೆ ತುಮಕೂರು ರಸ್ತೆಯಲ್ಲಿ ಇದ್ದೂ ಇಲ್ಲ. ಅಂಗಡಿಯ ಬೋರ್ಡಿನಲ್ಲಿ ಕನ್ನಡ ಕೆಳಗೆ ಹೋದರೆ ಬೀದಿಗಿಳಿಯುವ ನಾವು ಈ ಪಟ್ಟಿಯಲ್ಲಿ ಕರ್ನಾಟಕವೇ ಇಲ್ಲದಿದ್ದಾಗ ಎಲ್ಲಿದ್ದೆವು? ನಮ್ಮ ಸಂಸದರಲ್ಲಿ ಯಾರನ್ನು ಕೇಳಿದೆವು?

ರಾಜ್ಯ ಸರ್ಕಾರವನ್ನೂ ಬಿಡುವ ಹಾಗಿಲ್ಲ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿ ಶುರುವಾಯಿತು. ಕೆಲಸ ಸಿಗದ ಪದವೀಧರನಿಗೆ ತಿಂಗಳಿಗೆ 3,000 ರೂ., ಡಿಪ್ಲೊಮಾದವನಿಗೆ 1,500 ರೂ., ಹೆಚ್ಚೆಂದರೆ ಎರಡು ವರ್ಷ. ನಿರುದ್ಯೋಗಿಗೆ ನೆರವು ಕೊಡುವುದು ತಪ್ಪಲ್ಲ. ಆದರೆ ಈ ಅಂಕಿಗಳಲ್ಲೇ ನಮ್ಮ ಸಮಾಜದ ಮನಸ್ಸು ಅಚ್ಚಾಗಿದೆ, ನೋಡಿ. ಪದವಿಗೆ ಪೂರ್ತಿ, ಡಿಪ್ಲೊಮಾಕ್ಕೆ ಅರ್ಧ, ಐ.ಟಿ.ಐ. ಮಾಡಿದವನ ಹೆಸರೇ ಇಲ್ಲ. ಡಿಪ್ಲೊಮಾದ ಹುಡುಗನ ಹೊಟ್ಟೆ ಅರ್ಧವೆ? ಫಿಟ್ಟರ್ ಹುಡುಗನಿಗೆ ಹೊಟ್ಟೆಯೇ ಇಲ್ಲವೆ?

ನಾನು ಪಿ.ಯು.ಸಿ. ಓದುವ ಕಾಲಕ್ಕೆ ಜೆ.ಒ.ಸಿ. ಅಂತ ಒಂದಿತ್ತು. ಎಸ್ಸೆಸ್ಸೆಲ್ಸಿ ನಂತರದ ವೃತ್ತಿ ಶಿಕ್ಷಣ. ಒಳ್ಳೆಯ ಯೋಚನೆ. ಆದರೆ ಅದು ಪಿ.ಯು.ಸಿ.ಗೆ ಸಮ ಹೌದೋ ಅಲ್ಲವೋ ಎಂಬ ಜಗಳದಲ್ಲೇ ಹುಡುಗರ ಆಯಸ್ಸು ಸವೆಯಿತು. ಕೊನೆಗೆ ಕೋರ್ಸನ್ನೇ ಮುಚ್ಚಿದರು. ಕಸುಬು ಕಲಿತವನಿಗೆ ಮುಂದೆ ಓದುವ ಬಾಗಿಲು ಮುಚ್ಚಿದರೆ ಯಾವ ತಾಯಿ ತಾನೆ ಮಗನನ್ನು ಕಸುಬಿಗೆ ಕಳಿಸುತ್ತಾಳೆ?

ಸರ್ಕಾರ ಖಾಲಿ ಬಿಟ್ಟ ಜಾಗದಲ್ಲಿ ಯಾರು ಬಂದು ಕೂರುತ್ತಾರೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ನನ್ನ ಹತ್ತಿರ ಒಬ್ಬ ಹುಡುಗ ಬಂದಿದ್ದ. ಖಾಸಗಿ ತರಬೇತಿ ಕೇಂದ್ರವೊಂದರ ಸರ್ಟಿಫಿಕೇಟು ತಂದಿದ್ದ. ಹೆಸರು ಬೇಡ. ಚಿನ್ನದ ಬಣ್ಣದ ಸೀಲು, ಇಂಗ್ಲಿಷ್ ಒಕ್ಕಣೆ, ಕಾಗದವಂತೂ 300 ಜಿ.ಎಸ್.ಎಂ. ಆರ್ಟ್ ಬೋರ್ಡು, ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುವುದು. ಅಪ್ಪ ಸಾಲ ಮಾಡಿ ಫೀಸು ಕಟ್ಟಿದ್ದರಂತೆ. ಪ್ಲೇಟು ಕಟ್ಟು ಅಂದೆ. 'ಸಾರ್, ನಮಗೆ ವಿಡಿಯೋದಲ್ಲಿ ತೋರಿಸಿದರು' ಅಂದ. ಯಂತ್ರವನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಅವನದೇನೂ ತಪ್ಪಿಲ್ಲ. ಸರ್ಟಿಫಿಕೇಟು ಮುದ್ರಿಸಿದವನು ಮಾತ್ರ ಕೆಲಸ ಚೆನ್ನಾಗಿ ಕಲಿತವನು!

ನಮ್ಮಂಥ ಸಣ್ಣ ಮಾಲೀಕರ ವಿಷಯ ಬಿಟ್ಟರೆ ಮೋಸವಾಗುತ್ತದೆ. 1961ರ ಅಪ್ರೆಂಟಿಸ್ ಕಾಯ್ದೆ ಇದೆ. 2019ರ ತಿದ್ದುಪಡಿ ನಿಯಮದ ಪ್ರಕಾರ 30 ಅಥವಾ ಹೆಚ್ಚು ಜನ ಇರುವ ಸಂಸ್ಥೆ ತನ್ನ ಬಲದ ಶೇಕಡಾ 2.5ರಿಂದ 15ರವರೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನ ಇರುವ ನನ್ನಂಥವರು ಇಷ್ಟವಿದ್ದರೆ ತೆಗೆದುಕೊಳ್ಳಬಹುದು. 2016ರ ಕೇಂದ್ರ ಯೋಜನೆಯಲ್ಲಿ ಅಪ್ರೆಂಟಿಸ್ ಭತ್ಯೆಯ ಕಾಲು ಭಾಗವನ್ನು, ತಿಂಗಳಿಗೆ 1,500 ರೂ.ವರೆಗೆ, ಸರ್ಕಾರ ಭರಿಸುತ್ತದೆ ಎಂದಿದೆ. ಇದು ದೊಡ್ಡ ಕಂಪನಿಗೆ ಸರಿ. ಆರು ಜನರ ಪ್ರೆಸ್ಸಿನಲ್ಲಿ ಹೊಸ ಹುಡುಗನಿಗೆ ಕಲಿಸಲು ಒಬ್ಬ ಹಿರಿಯ ಕೆಲಸಗಾರ ಅರ್ಧ ದಿನ ನಿಲ್ಲಬೇಕು, ಕಲಿಯುವಾಗ ಕಾಗದ ಹಾಳಾಗುತ್ತದೆ. ಹುಡುಗ ಕಲಿತ ಮೇಲೆ ಪಕ್ಕದ ಪ್ರೆಸ್ಸಿನವನು ಎರಡು ಸಾವಿರ ಹೆಚ್ಚು ಕೊಟ್ಟು ಕರೆದುಕೊಂಡು ಹೋಗುತ್ತಾನೆ. ಆದ್ದರಿಂದಲೇ ಯಾರೂ ಕಲಿಸುವುದಿಲ್ಲ, ಕಲಿತವನಿಗಾಗಿ ಎಲ್ಲರೂ ಕಾಯುತ್ತಾರೆ. ಕಲಿಸುವ ಖರ್ಚು ಒಬ್ಬನದು, ಲಾಭ ಊರಿಗೆಲ್ಲ. ರಸ್ತೆ, ಆಸ್ಪತ್ರೆಯ ಹಾಗೆ ಇದಕ್ಕೂ ಊರಿನ ದುಡ್ಡೇ ಬೇಕು ಎನ್ನುವುದು ಇದಕ್ಕಾಗಿ. ರಾಜ್ಯ ಸರ್ಕಾರ ಕನ್ನಡ ಶಾಲೆಯಲ್ಲಿ ಓದಿದ ಹುಡುಗನನ್ನು ಅಪ್ರೆಂಟಿಸ್ ಮಾಡಿಕೊಂಡ ಸಣ್ಣ ಕಾರ್ಖಾನೆಗೆ ಭತ್ಯೆಯ ಅರ್ಧ ಕೊಡಲಿ, ಹಾಳಾದ ಕಾಗದದ ಖರ್ಚು ನಾವು ಹೊರುತ್ತೇವೆ.

ಹುಡುಗಿಯರಿಗೊಂದು ಮಾತು. ಪ್ರೆಸ್ಸಿನಲ್ಲಿ ಹೆಣ್ಣುಮಕ್ಕಳು ಎಂದರೆ ಬೈಂಡಿಂಗ್ ವಿಭಾಗ. ಫಾರಂ ಮಡಚುವುದು, ಅಂಟು ಹಚ್ಚುವುದು, ಕಡಿಮೆ ಕೂಲಿ. ಯಂತ್ರದ ಹತ್ತಿರ ಯಾರೂ ಬಿಡುವುದಿಲ್ಲ. ಇಂಕು-ನೀರಿನ ಹದ ಹಿಡಿಯುವುದಕ್ಕೆ ರಟ್ಟೆಬಲ ಬೇಡ, ಕಣ್ಣು ಬೇಕು. ಐ.ಟಿ.ಐ. ಎಂದರೆ ಗಂಡು ಹುಡುಗರದ್ದು ಎನ್ನುವುದನ್ನು ಮೊದಲು ನಿಮ್ಮ ಮನೆಯಲ್ಲೇ ಅಳಿಸಿ.

ಈಗ ಏನು ಮಾಡಬೇಕು? ನಿಮ್ಮ ತಾಲ್ಲೂಕಿನ ಅಥವಾ ಬಡಾವಣೆಯ ಹತ್ತಿರದ ಸರ್ಕಾರಿ ಐ.ಟಿ.ಐ.ಗೆ ಹತ್ತು ಜನ ಒಟ್ಟಾಗಿ ಹೋಗಿ. ಘೋಷಣೆ ಬೇಡ, ನೋಟ್‌ಬುಕ್ ಸಾಕು. ಪ್ರಾಂಶುಪಾಲರೊಂದಿಗೆ ಮರ್ಯಾದೆಯಿಂದ ಮಾತಾಡಿ, ಬಹಳ ಮಂದಿ ಒಳ್ಳೆಯವರು, ಕೇಳುವವರಿಲ್ಲದೆ ಸೋತವರು. ಆಮೇಲೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಲ್ಲಿ ಶುಲ್ಕ 10 ರೂ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. 30 ದಿನದಲ್ಲಿ ಉತ್ತರ ಕೊಡಬೇಕು. ಮಂಜೂರಾದ ಬೋಧಕ ಹುದ್ದೆ ಎಷ್ಟು, ಭರ್ತಿ ಎಷ್ಟು ಎಂಬುದು ಒಂದು ಅರ್ಜಿ. ಯಾವ ಯಂತ್ರ ಯಾವ ತಾರೀಕಿನಿಂದ ಕೆಟ್ಟು ನಿಂತಿದೆ ಎಂಬುದು ಇನ್ನೊಂದು. ಕನ್ನಡದ ಪಠ್ಯಪುಸ್ತಕ ಎಷ್ಟು ಮಕ್ಕಳಿಗೆ ಕೈಗೆ ಸಿಕ್ಕಿದೆ ಎಂಬುದು ಮತ್ತೊಂದು. ಕಳೆದ ಮೂರು ವರ್ಷದಲ್ಲಿ ಪಾಸಾದವರಲ್ಲಿ ಎಷ್ಟು ಮಂದಿ ಅಪ್ರೆಂಟಿಸ್ ಆದರು ಎಂಬುದೂ ಬೇಕು. ಬಂದ ಉತ್ತರವನ್ನು ಹಿಡಿದು ಶಾಸಕರ ಮನೆಗೆ ಹೋಗಿ, ಬಜೆಟ್ಟಿಗೆ ಎರಡು ತಿಂಗಳ ಮುಂಚೆ ಹೋಗಿ, ಬಜೆಟ್ ಆದ ಮೇಲೆ ಅಲ್ಲ. ಉತ್ತರದ ಒಂದು ಪ್ರತಿಯನ್ನು ಈ ಪತ್ರಿಕೆಗೂ ಕಳಿಸಿ.

ಅರ್ಜಿಯ ನಮೂನೆ ನಾನು ಕನ್ನಡದಲ್ಲಿ ಅಚ್ಚು ಹಾಕಿಸಿದ್ದೇನೆ, ಹೊರಗೆ ಮೇಜಿನ ಮೇಲಿದೆ. ಇವತ್ತು ತಂದಿರುವುದು ಐನೂರು. ಒಬ್ಬೊಬ್ಬರು ನಾಲ್ಕು ನಾಲ್ಕು ತೆಗೆದುಕೊಳ್ಳಿ, ಸಾಲದಿದ್ದರೆ ಹೇಳಿ, ಸೋಮವಾರದ ಒಳಗೆ ಇನ್ನೂ ಸಾವಿರ ಹಾಕಿಕೊಡುತ್ತೇನೆ. ಕಾಗದದ ದುಡ್ಡು ಮಾತ್ರ ಸಂಘದವರು ಕೊಡಬೇಕು, ಅಚ್ಚಿನ ಕೂಲಿ ಬೇಡ.